ವಿಷದ ಅರಿವು, ಕಾನೂನಿನ ಅಂಕೆ

ನಮ್ಮ ಸೀಮೆಯ ಯಾವ ಒಕ್ಕಲುಮನೆಗೆ ಹೋದರೂ ಕೊಟ್ಟಿಗೆಯ ಗೂಡಿನಲ್ಲಿಯೋ ಅಟ್ಟದ ಮೂಲೆಯಲ್ಲಿಯೋ ಒಂದು ಡಬ್ಬಿ ಕಣ್ಣಿಗೆ ಬೀಳುತ್ತದೆ. ಧಾರವಾಡದ ಕಡೆಯ ರೈತರು ಅದನ್ನು ‘ಎಣ್ಣೆ’ ಎನ್ನುವರು; ಹಳೆಯ ಮೈಸೂರು ಪ್ರಾಂತದವರು ‘ಔಷಧಿ’ ಎನ್ನುವರು. ವಿಷವೆಂಬ ಮಾತು ಎರಡು ಕಡೆಯೂ ಇಲ್ಲ. ಆ ಡಬ್ಬಿಯ ಮೇಲೆ ಮೂಲೆ ಕೆಳಗಾಗಿ ನಿಲ್ಲಿಸಿದ ಒಂದು ಚೌಕವಿದ್ದು, ಅದರ ಕೆಳಗಿನ ಅರ್ಧಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ ಬಳಿದಿರುತ್ತದೆ. ಈ ಲೇಖಕನು ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಕಾಲದಲ್ಲಿ ಆ ಗುರುತನ್ನು ಕರಿಹಲಗೆಯ ಮೇಲೆ ಬರೆದು, ಬಣ್ಣಗಳ ಅರ್ಥವೇನೆಂದು ಮಕ್ಕಳನ್ನು ಕೇಳುವುದಿತ್ತು. ಹಸಿರೆಂದರೆ ಬೆಳೆಗೆ ಒಳ್ಳೆಯದು ಎಂದು ಉತ್ತರಿಸಿದವರೇ ಹೆಚ್ಚು. ಅವರು ರೈತರ ಮಕ್ಕಳೇ ಆಗಿದ್ದರೆಂಬುದನ್ನು ಇಲ್ಲಿ ಹೇಳಬೇಕು.

ವಾಸ್ತವವಾಗಿ ಆ ಬಣ್ಣಗಳು ಹೇಳುವುದು ಸಾವಿನ ಲೆಕ್ಕವನ್ನು. ೧೯೨೭ರಲ್ಲಿ ಟ್ರೆವಾನ್ ಎಂಬ ಆಂಗ್ಲ ವಿಜ್ಞಾನಿಯು ವಿಷದ ತೀಕ್ಷ್ಣತೆಯನ್ನು ಅಳೆಯಲು ಒಂದು ಮಾನವನ್ನು ರೂಪಿಸಿದನು. ಪ್ರಯೋಗಕ್ಕೊಳಗಾದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಬೇಕಾಗುವ ಪ್ರಮಾಣವೇ ಆ ಮಾನ, ಇದನ್ನು ಎಲ್.ಡಿ. ೫೦ ಎಂದು ಕರೆಯುತ್ತಾರೆ. ನಮ್ಮ ದೇಶದ ೧೯೭೧ರ ಕೀಟನಾಶಕ ನಿಯಮಗಳ ಪ್ರಕಾರ, ಬಾಯಿಯ ಮೂಲಕ ಕೊಟ್ಟಾಗ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೫೦ ಮಿಲಿಗ್ರಾಮಿನ ಒಳಗೇ ಈ ಫಲ ಕಂಡುಬಂದರೆ ಕೆಂಪು. ೫೧ರಿಂದ ೫೦೦ರವರೆಗೆ ಹಳದಿ. ೫೦೧ರಿಂದ ೫,೦೦೦ದವರೆಗೆ ನೀಲಿ. ಅದಕ್ಕೂ ಮೇಲಾದರೆ ಹಸಿರು. ಇದು ಉಪಯುಕ್ತವಾದ ವ್ಯವಸ್ಥೆಯೇ ಸರಿ. ಆದರೆ ಈ ಬಣ್ಣವು ಉತ್ತರಿಸುವ ಪ್ರಶ್ನೆ ಒಂದೇ: ಒಮ್ಮೆಲೇ ಎಷ್ಟು ಹೊಟ್ಟೆಗೆ ಹೋದರೆ ಪ್ರಾಣ ಹೋದೀತು? ಕೊಲ್ಲಲಾರದಷ್ಟು ಅಲ್ಪ ಪ್ರಮಾಣದ ವಿಷವನ್ನು ಇಪ್ಪತ್ತು ವರ್ಷಕಾಲ ಉಸಿರಿನಲ್ಲಿಯೂ ಕುಡಿಯುವ ನೀರಿನಲ್ಲಿಯೂ ಪಡೆದ ಮಗುವಿಗೆ ಏನಾದೀತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮೊದಲನೆಯ ಪ್ರಶ್ನೆಗೆ ಇಲಿ ಸಾಕು. ಎರಡನೆಯದಕ್ಕೆ ಮನುಷ್ಯನನ್ನೇ ಅಭ್ಯಾಸ ಮಾಡಬೇಕು. ಹಾಗೆ ದೊರೆತ ತಿಳಿವಳಿಕೆಯು ಕಾನೂನಿನವರೆಗೆ ತಲುಪಬೇಕು. ಈ ತಲುಪುವಿಕೆ ಎಷ್ಟು ದುರ್ಗಮವಾದುದೆಂಬುದೇ ಪ್ರಸ್ತುತ ಲೇಖನದ ವಿಷಯ.

ಮನುಷ್ಯರ ಮೇಲೆ ವಿಷಪ್ರಯೋಗ ಮಾಡಲು ಯಾವ ಧರ್ಮವೂ ಯಾವ ನ್ಯಾಯವೂ ಒಪ್ಪುವುದಿಲ್ಲ. ಆದುದರಿಂದ ಮಾನವ ವಿಷವಿಜ್ಞಾನವು ತನ್ನ ಪಾಠಗಳನ್ನು ಆಕಸ್ಮಿಕಗಳಿಂದಲೂ, ಕಾರ್ಖಾನೆಗಳ ಕೆಲಸಗಾರರಿಂದಲೂ, ಅರಿಯದೆ ವಿಷಕ್ಕೆ ಸಿಕ್ಕಿದ ಊರುಗಳಿಂದಲೂ ಕಲಿಯಬೇಕಾಯಿತು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬಾತನು ಹೊಗೆಗೂಡುಗಳನ್ನು ಗುಡಿಸುವ ಕೆಲಸದವರಲ್ಲಿ ಒಂದು ಬಗೆಯ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಕಂಡು, ಅದಕ್ಕೆ ಮಸಿಯೇ ಕಾರಣವೆಂದು ೧೭೭೫ರಲ್ಲಿ ಬರೆದನು. ಇಂಗ್ಲೆಂಡಿನ ಸಂಸತ್ತು ೧೭೮೮ರಿಂದ ಮೊದಲುಗೊಂಡು ಮತ್ತೆ ಮತ್ತೆ ಶಾಸನ ಮಾಡಿತಾದರೂ, ಎಳೆಯ ಹುಡುಗರನ್ನು ಹೊಗೆಗೂಡಿನೊಳಗೆ ಹತ್ತಿಸುವುದು ನಿಜವಾಗಿ ನಿಂತದ್ದು ೧೮೭೫ರ ಶಾಸನದಿಂದ. ಅರಿವಿಗೂ ಅಂಕೆಗೂ ನಡುವೆ ಸರಿಯಾಗಿ ನೂರು ವರ್ಷ!

ನಮ್ಮ ದೇಶದ ಕಾನೂನಿಗೂ ಇಂತಹುದೇ ಒಂದು ದುಃಖದ ಹುಟ್ಟುಕಥೆಯುಂಟು. ೧೯೫೮ರಲ್ಲಿ ಹಡಗಿನಲ್ಲಿ ಗೋಧಿಹಿಟ್ಟಿನ ಚೀಲಗಳೊಂದಿಗೆ ಬಂದ ಫಾಲಿಡಾಲ್ ಎಂಬ ಕೀಟನಾಶಕವು ಸೋರಿ ಆಹಾರದೊಡನೆ ಬೆರೆಯಿತು. ಆ ಆಹಾರವನ್ನು ತಿಂದು ಕೇರಳದಲ್ಲಿಯೂ ಆಗಿನ ಮದರಾಸು ರಾಜ್ಯದಲ್ಲಿಯೂ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ನ್ಯಾಯಮೂರ್ತಿ ಷಾ ಅವರ ವಿಚಾರಣಾ ಆಯೋಗವು ನೇಮಕಗೊಂಡು, ಮುಂದೆ ಹತ್ತು ವರ್ಷಗಳ ಮೇಲೆ ೧೯೬೮ರ ಕೀಟನಾಶಕ ಕಾಯಿದೆ ಬಂದಿತು. ಈ ಕಾಯಿದೆಯ ಮೇರೆಗೆ, ಯಾವುದೇ ಕೀಟನಾಶಕವನ್ನು ತಯಾರಿಸುವ ಮೊದಲು ನೋಂದಣಿ ಸಮಿತಿಯು ಅದರ ಪರಿಣಾಮಕಾರಿತ್ವವನ್ನೂ, ಮನುಷ್ಯರಿಗೆ ಮತ್ತು ಪ್ರಾಣಿಗಳಿಗೆ ಅದು ಸುರಕ್ಷಿತವೇ ಎಂಬುದನ್ನೂ ಪರಿಶೀಲಿಸಬೇಕು. ಒಂದು ಮಾತನ್ನು ವಾಚಕರು ಗಮನಿಸಬೇಕು: ಈ ಕಾಯಿದೆಯ ನಿರ್ವಹಣೆ ಕೃಷಿ ಮಂತ್ರಾಲಯದ್ದು, ಆರೋಗ್ಯ ಮಂತ್ರಾಲಯದ್ದಲ್ಲ. ಬೆಳೆಯನ್ನು ಕಾಯುವವರ ಕೈಗೇ ಬೆಳೆಯ ಕೆಳಗೆ ಬದುಕುವವರನ್ನು ಕಾಯುವ ಹೊಣೆಯೂ ಬಿದ್ದಿತು.

ಇನ್ನು ಸುರಕ್ಷಿತ ಪ್ರಮಾಣವನ್ನು ನಿರ್ಣಯಿಸುವ ಬಗೆ. ಇದನ್ನು ಒಂದು ನಿಜವಾದ ಉದಾಹರಣೆಯಿಂದ ನೋಡೋಣ. ಮುಂದೆ ಇದರ ಪ್ರಯೋಜನವಾಗುತ್ತದೆ. ಎಂಡೋಸಲ್ಫಾನ್ ಎಂಬ ಕ್ಲೋರಿನ್‌ಯುಕ್ತ ಕೀಟನಾಶಕವು ೧೯೫೦ರ ದಶಕದಲ್ಲಿ ಬಳಕೆಗೆ ಬಂದದ್ದು. ಅದು ನರಗಳ ಆವೇಗವನ್ನು ತಡೆದು ಹಿಡಿಯುವ ವ್ಯವಸ್ಥೆಯನ್ನೇ ಕೆಡಿಸುವುದರಿಂದ, ಹೆಚ್ಚಾಗಿ ಒಳಸೇರಿದಾಗ ಸೆಳವು ಬರುತ್ತದೆ. ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞಮಂಡಳಿಯು ೧೯೯೮ರಲ್ಲಿ ಇದನ್ನು ವಿಮರ್ಶಿಸಿತು. ಎರಡು ವರ್ಷಕಾಲ ಇಲಿಗಳಿಗೆ ಆಹಾರದೊಡನೆ ಕೊಟ್ಟು ನೋಡಿದಾಗ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೦.೬ ಮಿಲಿಗ್ರಾಮಿನವರೆಗೆ ಯಾವ ಕೆಡುಕೂ ಕಂಡುಬರಲಿಲ್ಲ. ಇಲಿಗಿಂತ ಮನುಷ್ಯನು ಹತ್ತುಪಟ್ಟು ಸೂಕ್ಷ್ಮನಾಗಿರಬಹುದು; ಮನುಷ್ಯರೊಳಗೂ ಒಬ್ಬನಿಗಿಂತ ಮತ್ತೊಬ್ಬನು ಹತ್ತುಪಟ್ಟು ಸೂಕ್ಷ್ಮನಿರಬಹುದು. ಆದಕಾರಣ ನೂರರಿಂದ ಭಾಗಿಸಬೇಕು. ಈ ನೂರರ ಭಾಜಕವನ್ನು ಲೇಮನ್ ಮತ್ತು ಫಿಟ್ಝ್‌ಹ್ಯೂ ಎಂಬ ಅಮೆರಿಕದ ವಿಜ್ಞಾನಿಗಳು ೧೯೫೪ರಲ್ಲಿ ಸೂಚಿಸಿದರು. ಹಾಗೆ ಭಾಗಿಸಲು ದೊರೆತದ್ದು ೦.೦೦೬ ಮಿಲಿಗ್ರಾಂ. ಅಂದರೆ ೫೦ ಕಿಲೋ ತೂಕದ ವ್ಯಕ್ತಿಗೆ ದಿನವೊಂದಕ್ಕೆ ೦.೩ ಮಿಲಿಗ್ರಾಂ, ೨೦ ಕಿಲೋ ತೂಕದ ಮಗುವಿಗೆ ೦.೧೨ ಮಿಲಿಗ್ರಾಂ.

ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕವಿದು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಇದು ಊಟದ ತಟ್ಟೆಯಲ್ಲಿ ಉಳಿದ ಶೇಷವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಲೆಕ್ಕ. ನೆತ್ತಿಯ ಮೇಲೆ ಹೆಲಿಕಾಪ್ಟರು ಹಾರಿ, ತುಂತುರು ಅಂಗಳದ ಮೇಲೂ ಬಾವಿಯ ಮೇಲೂ ಶಾಲೆಗೆ ನಡೆದು ಹೋಗುವ ಮಗುವಿನ ತಲೆಯ ಮೇಲೂ ಇಳಿಯುವ ಸಂದರ್ಭ ಆ ಭಾಗಾಕಾರದೊಳಗೆ ಇಲ್ಲ. ಅಂತಹ ಸಂದರ್ಭವೊಂದು ಕನ್ನಡ ಮಾತನಾಡುವ ನೆಲದಲ್ಲಿಯೇ ಇತ್ತು.

ಕಾಸರಗೋಡು ಜಿಲ್ಲೆಯ ಉತ್ತರಭಾಗದಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡಂತೆ ಎಣ್ಮಕಜೆ ಪಂಚಾಯತಿಯಿದೆ. ಅದರೊಳಗಿನ ಪಡ್ರೆ ಗ್ರಾಮ, ಸ್ವರ್ಗ, ವಾಣಿನಗರ ಮೊದಲಾದ ಎಡೆಗಳಲ್ಲಿ ಕನ್ನಡ, ತುಳು ಮನೆಮಾತಿನವರು ಬಹಳ ಮಂದಿ. ಅಲ್ಲಿನ ಗುಡ್ಡಗಳ ನೆತ್ತಿಯ ಮೇಲೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳು. ಜಿಲ್ಲೆಯಲ್ಲಿ ಅವುಗಳ ಒಟ್ಟು ವಿಸ್ತೀರ್ಣ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಗಿಲು. ಗುಡ್ಡಗಳ ನಡುವಣ ತಗ್ಗುಗಳಲ್ಲಿ ಅಡಕೆಯ ತೋಟ, ಮನೆ, ತೋಡು, ಬಾವಿ. ಗುಡ್ಡದ ಮೈಯನ್ನು ಅಡ್ಡವಾಗಿ ಕೊರೆದು ನೀರು ತೆಗೆಯುವ ಸುರಂಗಗಳೂ ಅಲ್ಲಿ ಹೇರಳ. ಗೇರಿನ ಚಿಗುರನ್ನೂ ಹೂವನ್ನೂ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ೧೯೭೦ರ ದಶಕದ ಉತ್ತರಾರ್ಧದಿಂದ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಗುತ್ತಿತ್ತು. ವೈಮಾನಿಕ ಸಿಂಪಡಣೆಗೆ ನಿಯಮಗಳಿಲ್ಲದೆ ಇರಲಿಲ್ಲ. ಬೆಳೆಯ ಮೇಲೆ ಎರಡು ಮೂರು ಮೀಟರು ಎತ್ತರದಲ್ಲಿ ಮಾತ್ರ ಹಾರಬೇಕು, ನೀರಿನ ಆಸರೆಗಳನ್ನು ಮುಚ್ಚಬೇಕು ಎಂದೆಲ್ಲ ಅವು ಹೇಳುತ್ತಿದ್ದವು. ಏರಿಳಿತದ ಗುಡ್ಡದ ಮೇಲೆ ಒಂದೇ ಎತ್ತರದಲ್ಲಿ ಹಾರುವುದು ಹೇಗೆ? ಹರಿಯುವ ತೋಡನ್ನು ಮುಚ್ಚುವುದು ಯಾವುದರಿಂದ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ನೆತ್ತಿಯ ಮೇಲಿನದೆಲ್ಲ ತಗ್ಗಿಗೇ ಇಳಿಯುವುದೆಂದು ತಿಳಿಯಲು ವಿಷವಿಜ್ಞಾನವೇನೂ ಬೇಕಿರಲಿಲ್ಲ. ಸಮತಟ್ಟಾದ ಬಯಲನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ನಿಯಮ ಗುಡ್ಡಗಾಡಿಗೆ ಬಂದಾಗ ಬರಿಯ ಕಾಗದವಾಯಿತು.

ಮೊದಲು ಎಚ್ಚರಿಸಿದವರು ವಿಜ್ಞಾನಿಗಳಲ್ಲ. ಕೃಷಿ ಪತ್ರಕರ್ತರಾದ ಶ್ರೀ ಪಡ್ರೆಯವರು ೧೯೮೦ರ ಆಸುಪಾಸಿನಲ್ಲಿಯೇ ತಮ್ಮ ಊರಿನಲ್ಲಿ ಕಾಲು ತಿರುಚಿಕೊಂಡು ಹುಟ್ಟುತ್ತಿದ್ದ ಕರುಗಳ ವಿಷಯವಾಗಿ ಬರೆದರು. ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಜನ್ಮಜಾತ ಅಂಗವೈಕಲ್ಯ, ಕ್ಯಾನ್ಸರ್ ಇವು ಇಷ್ಟು ಸಣ್ಣ ಊರಿಗೆ ತಕ್ಕುದಕ್ಕಿಂತ ಅತಿಯಾಗಿರುವುದನ್ನು ಕಂಡು ಮನೆಮನೆಯ ಲೆಕ್ಕವನ್ನು ಬರೆದಿಡತೊಡಗಿದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆಯು ೧೯೯೮ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆಯನ್ನು ಪಡೆದರು. ತಜ್ಞಮಂಡಳಿಯು ೦.೬ನ್ನು ನೂರರಿಂದ ಭಾಗಿಸಿದ್ದೂ ೧೯೯೮ರಲ್ಲಿಯೇ. ಒಂದು ಕಡೆ ಇಲಿಯಿಂದ ಮನುಷ್ಯನ ಕಡೆಗೆ ಲೆಕ್ಕ ಸಾಗುತ್ತಿತ್ತು. ಇನ್ನೊಂದು ಕಡೆ ಮನುಷ್ಯರು ನ್ಯಾಯಾಲಯದ ಕಡೆಗೆ ನಡೆಯುತ್ತಿದ್ದರು. ಇಬ್ಬರೂ ಎದುರಾಗುವ ದಾರಿಯೇ ಇರಲಿಲ್ಲ.

ಆ ಬಳಿಕ ಪ್ರಯೋಗಾಲಯಗಳ ಸರದಿ. ೨೦೦೧ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತ ಮೊದಲಾದುವನ್ನು ಪರೀಕ್ಷಿಸಿ ಎಂಡೋಸಲ್ಫಾನಿನ ಶೇಷ ಬಹಳವಾಗಿದೆ ಎಂದಿತು. ಪ್ಲಾಂಟೇಷನ್ ಕಾರ್ಪೊರೇಷನ್ನು ನೇಮಿಸಿದ್ದ ತಮಿಳುನಾಡಿನ ಮತ್ತೊಂದು ಸಂಸ್ಥೆಯು ಅದೇ ವರ್ಷ ರಕ್ತದಲ್ಲಿಯೂ ನೀರಿನಲ್ಲಿಯೂ ಶೇಷವಿಲ್ಲವೆಂದಿತು. ಒಂದೇ ಊರು, ಒಂದೇ ವರ್ಷ, ಎರಡು ಉತ್ತರ. ಮಾದರಿಯನ್ನು ಎಂದು ತೆಗೆದರು, ಎಲ್ಲಿಂದ ತೆಗೆದರು, ಯಾವ ವಿಧಾನದಿಂದ ಅಳೆದರು ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆಂಬುದು ರಸಾಯನಶಾಸ್ತ್ರ ಬಲ್ಲವರಿಗೆ ಹೊಸತಲ್ಲ. ಆದರೆ ಹಣ ಯಾರದು ಎಂಬುದೂ ಜನರ ಕಣ್ಣಿಗೆ ಒಂದು ಫಲಿತಾಂಶವಾಗಿಯೇ ಕಾಣುತ್ತದೆ. ಕಕ್ಷಿಗಾರರೇ ಸಾಕ್ಷಿಗಳನ್ನು ಕರೆತಂದಾಗ ತೀರ್ಪುಗಾರನು ಏನು ಮಾಡಬೇಕು?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪ್ರಕರಣವನ್ನು ಕೈಗೆತ್ತಿಕೊಂಡು ಕೇಳಿದ ಮೇಲೆ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದರು. ಈ ಅಧ್ಯಯನವೇ ನಮ್ಮ ಪಾಠದ ಕೇಂದ್ರ. ಗೇರುಗುಡ್ಡದ ಬುಡದ ಊರಿನ ೧೧೭ ಮಂದಿ ಶಾಲಾಬಾಲಕರನ್ನೂ, ಅಂತಹ ಸಿಂಪಡಣೆಯೇ ಇಲ್ಲದಿದ್ದ ಮತ್ತೊಂದು ಊರಿನ ೯೦ ಮಂದಿ ಬಾಲಕರನ್ನೂ ಅವರು ಪರೀಕ್ಷಿಸಿದರು. ಎಲ್ಲರೂ ೧೦ರಿಂದ ೧೯ ವರ್ಷದೊಳಗಿನವರು. ಆ ಹೊತ್ತಿಗೆ ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದವು. ಆದರೂ ರಕ್ತದ ಸೀರಂನಲ್ಲಿ ಎಂಡೋಸಲ್ಫಾನಿನ ಸರಾಸರಿ ಪ್ರಮಾಣ ಮೊದಲನೆಯ ಊರಿನವರಲ್ಲಿ ನೂರು ಕೋಟಿಗೆ ೭.೪೭ ಭಾಗ, ಎರಡನೆಯ ಊರಿನವರಲ್ಲಿ ೧.೩೭ ಭಾಗ ಇದ್ದಿತು. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ, ವಿಷಕ್ಕೆ ಹೆಚ್ಚು ಒಳಗಾದ ಬಾಲಕರಲ್ಲಿ ಯೌವನದ ಲಕ್ಷಣಗಳು ತಡವಾಗಿ ಬರುತ್ತಿದ್ದವು. ಹಾರ್ಮೋನುಗಳ ಪ್ರಮಾಣದಲ್ಲಿಯೂ ಏರುಪೇರು ಕಂಡಿತು. ಇದು ೨೦೦೩ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಡಬ್ಬಿಯ ಮೇಲಿನ ಬಣ್ಣ ಹೇಳಲಾರದುದನ್ನು ಬಾಲಕರ ರಕ್ತ ಹೇಳಿತು.

ಆ ಸಂಶೋಧಕರ ಪ್ರಾಮಾಣಿಕತೆಯನ್ನು ಇಲ್ಲಿ ನೆನೆಯಬೇಕು. ಪರೀಕ್ಷಿಸಿದವರ ಸಂಖ್ಯೆ ಚಿಕ್ಕದು, ಪರೀಕ್ಷೆಗೆ ಒಪ್ಪದವರೂ ಉಂಟು, ಆದುದರಿಂದ ತಮ್ಮ ಅಧ್ಯಯನಕ್ಕೆ ಮಿತಿಯಿದೆ ಎಂದು ತಾವೇ ಬರೆದರು. ವಿಜ್ಞಾನದಲ್ಲಿ ಇದು ಸದ್ಗುಣ. ಆದರೆ ಅದೇ ವಾಕ್ಯವು ಸಮಿತಿಯ ಕೊಠಡಿಗೆ ಹೋದೊಡನೆ ದೌರ್ಬಲ್ಯವಾಗಿ ಮಾರ್ಪಡುತ್ತದೆ. ಕೇಂದ್ರ ಸರ್ಕಾರವು ನೇಮಿಸಿದ ದುಬೆ ಸಮಿತಿಯೂ ಅದರ ಮೇಲೆ ಕುಳಿತ ಮಾಯಿ ಸಮಿತಿಯೂ ಕಾಸರಗೋಡಿನ ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸ್ಥಾಪಿತವಾಗಿಲ್ಲವೆಂದವು. ತಯಾರಕರಲ್ಲಿ ಸರ್ಕಾರದ ಒಡೆತನದ ಹಿಂದೂಸ್ಥಾನ್ ಇನ್ಸೆಕ್ಟಿಸೈಡ್ಸ್ ಸಂಸ್ಥೆಯೂ ಒಂದಾಗಿತ್ತೆಂಬುದನ್ನು ಮರೆಯಲಾಗದು. ಸಂಬಂಧ ಸ್ಥಾಪಿತವಾಗಿಲ್ಲ ಎಂಬ ಮಾತಿಗೂ ಸಂಬಂಧವಿಲ್ಲ ಎಂಬ ಮಾತಿಗೂ ಅಜಗಜಾಂತರ. ಇಪ್ಪತ್ತು ವರ್ಷ ಯಾರೂ ಅಳೆಯದೆ ಇದ್ದು, ಕೊನೆಗೆ ಅಳತೆ ಸಾಲದು ಎನ್ನುವುದರಲ್ಲಿ ತರ್ಕವಿರಬಹುದು, ನ್ಯಾಯ ಕಾಣೆ.

ಎಷ್ಟು ಸಾಕ್ಷ್ಯ ದೊರೆತರೆ ಸಾಕು? ಬ್ರಿಟನ್ನಿನ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರು ೧೯೬೫ರ ಒಂದು ಉಪನ್ಯಾಸದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಅವರ ಅಭಿಪ್ರಾಯದಲ್ಲಿ, ಕ್ರಮ ಕೈಗೊಂಡರೆ ಆಗುವ ನಷ್ಟ ಚಿಕ್ಕದಾದಾಗ ಅಲ್ಪ ಸಾಕ್ಷ್ಯವೂ ಸಾಕು. ನಷ್ಟ ಹಿರಿದಾದಂತೆ ಸಾಕ್ಷ್ಯವೂ ಬಲವಾಗಬೇಕು. ಇದನ್ನು ಪಡ್ರೆಗೆ ಅನ್ವಯಿಸಿ ನೋಡಿದರೆ, ಗೇರುಬೀಜದ ಒಂದಷ್ಟು ಇಳುವರಿ ಒಂದು ಕಡೆ. ಒಂದು ತಲೆಮಾರಿನ ಮಕ್ಕಳು ಇನ್ನೊಂದು ಕಡೆ. ತಕ್ಕಡಿಯನ್ನು ಹಿಡಿದವರು ಯಾರೆಂಬುದರ ಮೇಲೆ ತೂಕ ನಿಲ್ಲಬಾರದಾಗಿತ್ತು. ಯುರೋಪಿನ ಒಕ್ಕೂಟವು ೨೦೦೭ರಲ್ಲಿ ಜಾರಿಗೆ ತಂದ ರೀಚ್ ಎಂಬ ಶಾಸನವು ಈ ಹೊಣೆಯನ್ನೇ ತಿರುಗಿಸಿತು: ತನ್ನ ರಾಸಾಯನಿಕದ ಕುರಿತು ಮಾಹಿತಿ ಒದಗಿಸದ ತಯಾರಕನಿಗೆ ಮಾರುಕಟ್ಟೆಯೇ ಇಲ್ಲ.

ಎಂಡೋಸಲ್ಫಾನನ್ನು ಕಟ್ಟಿಹಾಕಿದ್ದು ಕೊನೆಗೆ ಎರಡು ದಾರಿಗಳಿಂದ ಬಂದ ಒತ್ತಡ. ಮೊದಲನೆಯದು ಸ್ಟಾಕ್‌ಹೋಮ್ ಒಪ್ಪಂದ. ಅದರ ತಜ್ಞ ಸಮಿತಿಯ ಮುಂದೆ ೨೦೦೭ರಲ್ಲಿ ಯುರೋಪಿನ ಒಕ್ಕೂಟವು ಈ ವಸ್ತುವಿನ ಹೆಸರನ್ನಿಟ್ಟಿತು. ವಸ್ತುವು ಪರಿಸರದಲ್ಲಿ ಬಹುಕಾಲ ಉಳಿಯುವುದೇ, ಜೀವಿಗಳಲ್ಲಿ ಸಂಚಯವಾಗುವುದೇ, ದೂರದೇಶಗಳಿಗೆ ಸಾಗುವುದೇ, ಕೆಡುಕು ಮಾಡುವುದೇ ಎಂಬ ಪ್ರಶ್ನೆಗಳನ್ನು ಅಲ್ಲಿ ಹಂತಹಂತವಾಗಿ ಕೇಳುತ್ತಾರೆ. ಎಂದೂ ಗೇರುಮರ ಕಾಣದ ಉತ್ತರಧ್ರುವ ಪ್ರದೇಶದಲ್ಲಿ ಎಂಡೋಸಲ್ಫಾನ್ ಸಿಕ್ಕಿದ್ದು ಅಲ್ಲಿ ಒಂದು ಮುಖ್ಯ ಆಧಾರವಾಯಿತು. ಗುಡ್ಡದ ಬುಡದ ಮಕ್ಕಳ ಸಾಕ್ಷ್ಯಕ್ಕಿಂತ ದೂರದ ಹಿಮದ ಸಾಕ್ಷ್ಯ ಸುಲಭವಾಗಿ ನಡೆಯಿತೇನೋ ಎಂದು ಒಮ್ಮೊಮ್ಮೆ ಅನಿಸುವುದುಂಟು. ೨೦೧೧ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಅದನ್ನು ನಿವಾರಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು. ಮೊದಲು ವಿರೋಧಿಸಿದ್ದ ಭಾರತವು ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿಕೊಂಡಿತು.

ಎರಡನೆಯದು ನಮ್ಮದೇ ನ್ಯಾಯಾಲಯ. ೨೦೧೧ರ ಮೇ ೧೩ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ಮಧ್ಯಂತರ ಆಜ್ಞೆಯಿಂದ ನಿಲ್ಲಿಸಿತು. ಅದಕ್ಕೂ ಮೊದಲು, ಆ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ನಿಷೇಧ ಹೊರಡಿಸಿತ್ತು. ಆದರೆ ೧೯೬೮ರ ಕಾಯಿದೆಯ ೨೭ನೆಯ ಪ್ರಕರಣದ ಮೇರೆಗೆ ಅಂದು ರಾಜ್ಯಕ್ಕಿದ್ದ ಅಧಿಕಾರ ಕೇವಲ ೬೦ ದಿನಗಳದು. ಗಡಿಯ ಈಚೆಗೂ ಇದೇ ಸಂಕಟವಿತ್ತೆಂಬುದನ್ನು ನಮ್ಮ ಭಾಗದ ವಾಚಕರು ಅರಿತಿರಲಿಕ್ಕಿಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಸುತ್ತ ನಮ್ಮ ರಾಜ್ಯದ್ದೇ ಆದ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಇದೇ ವಿಷವನ್ನು ಸಿಂಪಡಿಸಲಾಗಿತ್ತು.

ನಿಷೇಧ ಬಂದ ಮೇಲೂ ಒಂದು ಕಷ್ಟ ಉಳಿಯಿತು. ವಿಷವಿಜ್ಞಾನವು ಸಮುದಾಯದ ಮಾತನ್ನು ಆಡಬಲ್ಲದು: ಈ ಊರಿನ ನೂರು ಮಕ್ಕಳಲ್ಲಿ ಇಷ್ಟು, ಆ ಊರಿನ ನೂರರಲ್ಲಿ ಇಷ್ಟು ಎಂದು. ಆದರೆ ತಾಯಿಯೊಬ್ಬಳು ಕೇಳುವುದು ತನ್ನ ಮಗುವಿನ ಮಾತನ್ನು. ಈ ಮಗುವಿನ ಈ ವೈಕಲ್ಯಕ್ಕೆ ಅದೇ ಕಾರಣವೇ ಎಂದರೆ, ಯಾವ ಸಂಶೋಧಕನೂ ಎದೆ ತಟ್ಟಿ ಹೌದೆನ್ನಲಾರ, ಅಲ್ಲವೆನ್ನಲೂ ಆರ. ಪರಿಹಾರ ಕೊಡುವ ಸರ್ಕಾರಕ್ಕೆ ಮಾತ್ರ ಹೌದು ಅಥವಾ ಅಲ್ಲ ಎಂಬ ಉತ್ತರವೇ ಬೇಕು. ಕೇರಳವು ವೈದ್ಯಕೀಯ ಶಿಬಿರಗಳನ್ನು ನಡೆಸಿ ಪಟ್ಟಿ ಮಾಡಿತು. ಆರು ಸಾವಿರಕ್ಕೂ ಹೆಚ್ಚು ಹೆಸರುಗಳು ಅದರಲ್ಲಿ ಸೇರಿದವು, ಸೇರದವರು ಧರಣಿ ಕುಳಿತರು. ಸಿಂಪಡಣೆ ನಡೆಯುತ್ತಿದ್ದ ಕಾಲದಲ್ಲಿಯೇ ಊರಿನ ಜನನದ ಲೆಕ್ಕ, ಶಾಲೆಯ ಮಕ್ಕಳ ಎತ್ತರ ತೂಕದ ಲೆಕ್ಕ, ಹೆಲಿಕಾಪ್ಟರು ಹಾರಿದ ದಿನಗಳ ಲೆಕ್ಕ ಇವನ್ನು ಒಂದೆಡೆ ಕೂಡಿಸಿಟ್ಟಿದ್ದರೆ ಈ ವಾದದ ಬಹುಭಾಗ ಹುಟ್ಟುತ್ತಲೇ ಇರಲಿಲ್ಲ. ಅಧ್ಯಾಪಕ ಬಂಧುಗಳು ಬೇಸರದಿಂದ ತುಂಬುವ ಆರೋಗ್ಯ ತಪಾಸಣೆಯ ಪುಸ್ತಕಕ್ಕೆ ಇಂತಹದೊಂದು ಬೆಲೆಯೂ ಇದೆ.

೨೦೧೭ರ ಜನವರಿ ೧೦ರಂದು ಸುಪ್ರೀಂ ಕೋರ್ಟು, ಬಾಧಿತರೆಲ್ಲರಿಗೂ ಮೂರು ತಿಂಗಳೊಳಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞಾಪಿಸಿತು. ೨೦೨೨ರ ಮೇ ತಿಂಗಳಲ್ಲಿ ಪ್ರಕರಣ ಮತ್ತೆ ಬಂದಾಗ, ಐದು ವರ್ಷಗಳಾದರೂ ಪೂರ್ತಿ ಹಣ ಕೈಸೇರಿದ್ದು ನ್ಯಾಯಾಲಯದ ಬಾಗಿಲನ್ನು ಮತ್ತೆ ತಟ್ಟಿದ ಎಂಟು ಮಂದಿಗೆ ಮಾತ್ರವೆಂದು ಕಂಡುಬಂದಿತು.